ಹಸಿವೂ ಉಪವಾಸವೂ: ರೋಣದ ಸೀಮೆಯಲ್ಲಿ ರೋಜಾ ವ್ರತದ ವಿಚಾರ

ಮಲಪ್ರಭೆಯ ತೆಂಕಣ ಬಯಲಿನಿಂದ ಗಜೇಂದ್ರಗಡದ ಕಲ್ಲುಗುಡ್ಡಗಳವರೆಗೆ ಹಬ್ಬಿಕೊಂಡಿರುವ ಎರೆಯ ನಾಡಿಗೆ ರೋಣದ ಸೀಮೆಯೆಂದು ಹೆಸರು. ದ್ರೋಣಪುರವೇ ರೋಣವಾಯಿತೆಂದು ಅಲ್ಲಿಯ ಜನರು ಹೇಳುತ್ತಾರೆ. ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಿಂದ ಗದಗ ಜಿಲ್ಲೆಯದು. ಕಣ್ಣು ಹರಿಯುವಷ್ಟು ದೂರವೂ ಕಪ್ಪುಮಣ್ಣು. ಅದರ ಮೇಲೆ ಜೋಳ, ಹತ್ತಿ, ಕಡಲೆ, ಕುಸುಬೆ. ಮಳೆ ಬಂದರೆ ಈ ನೆಲದಷ್ಟು ಉದಾರವಾದುದು ಬೇರೊಂದಿಲ್ಲ. ಬಾರದಿದ್ದರೆ ಇದರಷ್ಟು ನಿಷ್ಠುರವಾದುದೂ ಇಲ್ಲ. ಇಂಥ ನಾಡಿನಲ್ಲಿ ಹಸಿವೆಂಬುದು ಪುಸ್ತಕದ ಮಾತಾಗಿರಲಿಲ್ಲ. ಹೀಗಿರಲು ವರ್ಷಕ್ಕೊಂದು ತಿಂಗಳು ಹಸಿವನ್ನು ತಾವಾಗಿಯೇ ಕರೆದು ಮನೆಯೊಳಗೆ ಕೂರಿಸಿಕೊಳ್ಳುವ ಒಂದು ಧರ್ಮ ಈ ಎರೆಯ ಊರುಗಳಲ್ಲಿ ನೂರಾರು ವರ್ಷಗಳಿಂದ ನೆಲೆಸಿದೆಯಷ್ಟೆ. ಕರೆಯದೆ ಬರುವ ಹಸಿವಿಗೂ ಕರೆದು ತಂದುಕೊಂಡ ಹಸಿವಿಗೂ ಏನು ಸಂಬಂಧವೆಂಬುದೇ ನಾವು ಇಲ್ಲಿ ವಿಚಾರಿಸಬೇಕೆಂದಿರುವ ಸಂಗತಿ.

ಇಸ್ಲಾಂ ಮತವು ಇಲ್ಲಿ ನೆಲೆಗೊಂಡ ಬಗೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 1565ರಲ್ಲಿ ರಕ್ಕಸ-ತಂಗಡಿಯ ಕಾಳಗದಲ್ಲಿ ವಿಜಯನಗರದ ಬಲ ಮುರಿದ ತರುವಾಯ ಈ ಪ್ರಾಂತ ಬಿಜಾಪುರದ ಆದಿಲಶಾಹಿಗಳ ಕೈಸೇರಿತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದ ಮೇಲೆ ಸವಣೂರಿನ ನವಾಬರು ಈ ಕಡೆಯಲ್ಲಿ ಪ್ರಬಲರಾದರು. ಅವರ ಹಿಂದೆಯೇ ಮರಾಠರು ಬಂದರು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದದ ಕೋಟೆಯನ್ನು ಹಿಡಿಯಿತು; 1787ರಲ್ಲಿ ಅವನಿಗೂ ಮರಾಠರಿಗೂ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ನಿಂತಿದೆ. ದೊರೆಗಳು ಹೀಗೆ ಬಂದು ಹೋದರು. ಹಳ್ಳಿಯ ಮಸೀದಿ, ದರ್ಗಾ, ಪಿಂಜಾರರ ಬಿಲ್ಲು, ನದಾಫರ ಮನೆ, ರಂಜಾನಿನ ಬೆಳಗಿನ ಜಾವದ ಒಲೆಯ ಬೆಳಕು, ಇವು ಉಳಿದವು. ಚರಿತ್ರಕಾರರು ಮೊದಲನೆಯದನ್ನು ಬರೆದಷ್ಟು ಎರಡನೆಯದನ್ನು ಬರೆಯಲಿಲ್ಲವೆಂಬುದು ನಮ್ಮ ಹಳೆಯ ವ್ಯಥೆ.

ಮೊದಲು ಶಬ್ದವನ್ನು ನೋಡೋಣ. ನಮ್ಮ ಜನರು ಆಡುವ ‘ರೋಜಾ’ ಎಂಬುದು ಪಾರಸಿಯ ಮಾತು. ದಿನವೆಂಬರ್ಥದ ಪದದಿಂದ ಹುಟ್ಟಿದ್ದು. ಖುರಾನಿನಲ್ಲಿರುವ ಅರಬ್ಬೀ ಶಬ್ದ ‘ಸೌಮ್’. ಅದರ ಮೂಲಾರ್ಥ ತಡೆದು ನಿಲ್ಲುವುದು. ಮೇವನ್ನೂ ಓಟವನ್ನೂ ಬಿಟ್ಟು ಸುಮ್ಮನೆ ನಿಂತ ಕುದುರೆಗೆ ಹಳೆಯ ಅರಬ್ಬರು ಇದೇ ಧಾತುವಿನ ಮಾತನ್ನು ಬಳಸುತ್ತಿದ್ದರು. ಯೇಸುವಿನ ತಾಯಿ ಮರಿಯಮ್ಮನು ಯಾರೊಡನೆಯೂ ಮಾತನಾಡೆನೆಂದು ಹೊತ್ತ ಮೌನದ ಹರಕೆಯನ್ನೂ ಖುರಾನು ‘ಸೌಮ್’ ಎಂದೇ ಕರೆಯುತ್ತದೆ. ಆದಕಾರಣ ಈ ವ್ರತದ ತಿರುಳು ಹೊಟ್ಟೆಯಲ್ಲಿ ಮಾತ್ರ ಇದೆಯೆಂದು ತಿಳಿಯುವುದು ಶಬ್ದಾರ್ಥಕ್ಕೇ ವಿರೋಧ. ಓಡಬಲ್ಲ ಕುದುರೆಯು ಓಡದೆ ನಿಲ್ಲಬೇಕು, ಆಡಬಲ್ಲ ನಾಲಗೆಯು ಆಡದೆ ಇರಬೇಕು. ಉಣ್ಣಬಲ್ಲವನು ಉಣ್ಣದಿರುವುದು ಆಮೇಲಿನ ಮಾತು.

ರಂಜಾನಿನ ಉಪವಾಸ ಕಡ್ಡಾಯವಾದದ್ದು ಹಿಜರಿ 2ರಲ್ಲಿ, ಎಂದರೆ ಕ್ರಿಸ್ತಶಕ 624ರಲ್ಲಿ, ಪೈಗಂಬರರು ಮದೀನೆಗೆ ಬಂದು ನೆಲೆಸಿದ ಬಳಿಕ. ಖುರಾನಿನ ಅವತರಣ ಆರಂಭವಾದ ತಿಂಗಳೆಂಬ ಕಾರಣದಿಂದ ಈ ಮಾಸಕ್ಕೆ ಆ ಗೌರವ. ಬೆಳಗಿನ ಬಿಳಿಯ ನೂಲು ಇರುಳಿನ ಕರಿಯ ನೂಲಿನಿಂದ ಬೇರೆಯಾಗಿ ತೋರುವವರೆಗೆ ಉಣಬಹುದೆಂದೂ, ಅಲ್ಲಿಂದ ಮುಂದೆ ಇರುಳಾಗುವವರೆಗೆ ವ್ರತವನ್ನು ಪೂರೈಸಬೇಕೆಂದೂ ಅಲ್ಲಿ ವಿಧಿಯಿದೆ. ಹಿಂದಿನ ಜನಾಂಗಗಳಿಗೂ ಇದನ್ನು ವಿಧಿಸಲಾಗಿತ್ತೆಂದು ಆ ಗ್ರಂಥವೇ ಒಪ್ಪಿಕೊಳ್ಳುವುದು ಗಮನಿಸತಕ್ಕದ್ದು. ಇದು ನಮ್ಮದೇ ಹೊಸ ಶೋಧವೆಂಬ ಹೆಮ್ಮೆ ಅಲ್ಲಿಲ್ಲ. ವ್ರತದ ಫಲವನ್ನು ‘ತಕ್ವಾ’ ಎಂದು ಕರೆದಿದೆ. ದೈವಭೀತಿಯೆಂದು ಇದನ್ನು ಭಾಷಾಂತರಿಸುವುದು ವಾಡಿಕೆ. ಆದರೆ ಕಾಪಾಡಿಕೊಳ್ಳುವುದೆಂಬ ಅರ್ಥದ ಧಾತು ಅದರ ಮೂಲವಾದ್ದರಿಂದ ‘ಎಚ್ಚರ’ ಎಂಬ ನಮ್ಮ ಮಾತೇ ಅದಕ್ಕೆ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ. ಮುಳ್ಳಿನ ದಾರಿಯಲ್ಲಿ ಪಂಚೆಯನ್ನೆತ್ತಿ ಹಿಡಿದು ನಡೆಯುವವನ ಎಚ್ಚರ.

ಈ ವಿಷಯದಲ್ಲಿ ಅತ್ಯಂತ ಆಳವಾಗಿ ಬರೆದವನು ಗಜ್ಜಾಲಿ. 1058ರಲ್ಲಿ ಹುಟ್ಟಿ 1111ರಲ್ಲಿ ತೀರಿಕೊಂಡ ಈ ಪಾರಸೀಕ ಪಂಡಿತನು ಬಗ್ದಾದಿನ ನಿಜಾಮಿಯಾ ವಿದ್ಯಾಪೀಠದಲ್ಲಿ ಆಚಾರ್ಯನಾಗಿದ್ದು, ಕೀರ್ತಿಯ ಶಿಖರದಲ್ಲಿರುವಾಗಲೇ 1095ರಲ್ಲಿ ಪದವಿಯನ್ನು ತೊರೆದು ಹೊರಟನು. ಅಧ್ಯಾಪಕವೃತ್ತಿಯವರಾದ ನಾವು ಈ ಸಂಗತಿಯನ್ನು ಓದುವಾಗ ಕೊಂಚ ನಾಚಿಕೊಳ್ಳುತ್ತೇವೆ. ಧರ್ಮವಿದ್ಯೆಗಳ ಪುನರುಜ್ಜೀವನವನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಅವನು ಉಪವಾಸಕ್ಕೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾನೆ. ಸಾಮಾನ್ಯರದು ಅನ್ನಪಾನಗಳ ಮತ್ತು ಕಾಮದ ತಡೆ. ಅದಕ್ಕೆ ಮೇಲಿನದು ಕಣ್ಣು, ಕಿವಿ, ನಾಲಗೆ, ಕೈಕಾಲುಗಳ ಉಪವಾಸ. ಚಾಡಿಯಾಡಿದವನೂ ಸುಳ್ಳಾಡಿದವನೂ ಈ ಮೆಟ್ಟಿಲಿನಿಂದ ಜಾರಿದಂತೆಯೇ. ಎಲ್ಲಕ್ಕೂ ಮೇಲಿನದು ಹೃದಯದ ಉಪವಾಸ. ದೇವರಲ್ಲದ ಬೇರೆ ಚಿಂತೆ ಅಲ್ಲಿ ಸುಳಿಯಲಾಗದು. ಈ ಮೂರನೆಯ ಮೆಟ್ಟಿಲು ಸಂತರಿಗಲ್ಲದೆ ನಮ್ಮಂಥವರಿಗೆ ಎಟಕುವುದಲ್ಲ. ಆದರೆ ಗಜ್ಜಾಲಿಯು ಇಷ್ಟಕ್ಕೇ ನಿಲ್ಲದೆ ಅಡಿಗೆಯ ಮನೆಗೂ ಇಳಿದು ಬರುತ್ತಾನೆ. ಹಗಲೆಲ್ಲ ಹಸಿದಿದ್ದು, ಬೇರೆ ತಿಂಗಳುಗಳಲ್ಲಿ ಕಾಣದ ಭಕ್ಷ್ಯಗಳನ್ನು ಇದೊಂದೇ ತಿಂಗಳಿಗೆ ಕೂಡಿಟ್ಟು, ಇರುಳಿನಲ್ಲಿ ಎರಡರಷ್ಟು ಉಂಡರೆ ಆ ವ್ರತದಿಂದ ಪ್ರಯೋಜನವೇನೆಂದು ಅವನ ಪ್ರಶ್ನೆ. ಏಕಾದಶಿಯ ಫಲಾಹಾರವನ್ನು ಬಲ್ಲ ನಮ್ಮ ಮಿತ್ರರು ಇದನ್ನು ಪರರ ಮನೆಯ ಮಾತೆಂದು ಎಣಿಸಬೇಕಾಗಿಲ್ಲ.

ಇನ್ನು ಶಾಸ್ತ್ರದ ಒಂದು ಸೂಕ್ಷ್ಮ. ಉಪವಾಸಕ್ಕೆ ಪ್ರಾಣ ‘ನಿಯ್ಯತ್’, ಎಂದರೆ ಸಂಕಲ್ಪ. ಸಂಕಲ್ಪವಿಲ್ಲದೆ ಒಬ್ಬನು ಬೆಳಗಿನಿಂದ ಬೈಗಿನವರೆಗೆ ಏನೂ ತಿನ್ನದೆ ಇದ್ದರೂ ಅದು ರೋಜಾ ಆಗುವುದಿಲ್ಲ, ಬರಿಯ ಹಸಿವಾಗುತ್ತದೆ. ಮನೆಯಲ್ಲಿ ರೊಟ್ಟಿಯಿದ್ದು, ಕೊಡದಲ್ಲಿ ನೀರಿದ್ದು, ಯಾರೂ ನೋಡದ ಕೋಣೆಯಲ್ಲಿ ಕೈಚಾಚದೆ ಇರುವವನದೇ ವ್ರತ. ಆದ್ದರಿಂದಲೇ ಇದನ್ನು ದೇವರಿಗೂ ಮನುಷ್ಯನಿಗೂ ಮಾತ್ರ ಗೊತ್ತಿರುವ ಪೂಜೆಯೆಂದು ಸಂಪ್ರದಾಯ ಹೊಗಳಿದೆ. ನಮಾಜನ್ನು ನಾಲ್ವರು ಕಾಣಬಹುದು, ದಾನವನ್ನು ಕೊಂಡವನಾದರೂ ಕಾಣುತ್ತಾನೆ, ಉಣ್ಣದಿರುವುದನ್ನು ಕಾಣುವವರಾರು? ಆದರೆ ಇದರಿಂದ ಕಠಿನವಾದ ಇನ್ನೊಂದು ಮಾತು ಹೊರಡುತ್ತದೆ. ಬಿಡುವುದಕ್ಕೆ ಮೊದಲು ಇರಬೇಕು. ಮನೆಯಲ್ಲಿ ಏನೂ ಇಲ್ಲದವನು ಬಿಡುವುದೇನನ್ನು?

ರೋಣದ ಸೀಮೆ ಈ ಪ್ರಶ್ನೆಯನ್ನು ತರ್ಕಕ್ಕಾಗಿ ಕೇಳಿದ್ದಲ್ಲ. 1791-92ರ ಕ್ಷಾಮವನ್ನು ದಖನ್ನಿನ ಜನರು ತಲೆಬುರುಡೆಗಳ ಬರವೆಂದು ನೆನೆದರು. ಸತ್ತವರನ್ನು ಹೂಳುವವರಿಲ್ಲದೆ ಬಯಲೆಲ್ಲ ಬುರುಡೆಗಳಾದುವೆಂಬುದರಿಂದ ಬಂದ ಹೆಸರದು. ಅದಕ್ಕಿಂತ ವಿಸ್ತಾರವಾದದ್ದು 1876-78ರದು. ಮೈಸೂರಿನವರು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರವೆನ್ನುತ್ತಾರೆ. ಅಂದಿನ ಮೈಸೂರು ಸಂಸ್ಥಾನದ ಜನರಲ್ಲಿ ಐದರಲ್ಲೊಂದು ಪಾಲು ಅದರಲ್ಲಿ ಅಳಿದರೆಂದು ಎಣಿಕೆ. ಮುಂಬಯಿ ಇಲಾಖೆಯಲ್ಲಿದ್ದ ಧಾರವಾಡ, ಕಲಾದಗಿ ಜಿಲ್ಲೆಗಳೂ ಅದರ ಬಾಯಿಗೆ ಸಿಕ್ಕಿದುವು. ಎರೆಭೂಮಿಗೆ ಹಿಂಗಾರಿಯೇ ಜೀವ. 1876ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರಬೇಕಾದ ಮಳೆ ಬರಲಿಲ್ಲ. ಬಿಳಿಜೋಳದ ಬಿತ್ತನೆಯ ಆಸೆ ಅಲ್ಲಿಗೆ ಮುಗಿಯಿತು.

ಈಗ ಪಂಚಾಂಗವನ್ನು ತಿರುವಿಹಾಕೋಣ. ಹಿಜರಿಯ ವರ್ಷಕ್ಕೆ 354 ಅಥವಾ 355 ದಿನ, ಅಧಿಕಮಾಸವಿಲ್ಲ. ಅದರಿಂದ ರಂಜಾನ್ ವರ್ಷವರ್ಷವೂ ಸುಮಾರು 11 ದಿನ ಹಿಂದೆ ಸರಿಯುತ್ತ, 33 ವರ್ಷಗಳ ಒಳಹೊರಗೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಇದು ಲೆಕ್ಕ ತಪ್ಪಿದ ಪಂಚಾಂಗವೆಂದು ನಗುವವರುಂಟು. ಒಂದು ಊರಿನಲ್ಲಿ ಬೇಸಗೆಯ ದೀರ್ಘ ಹಗಲೂ ಇನ್ನೊಂದರಲ್ಲಿ ಚಳಿಗಾಲದ ಮೊಟಕು ಹಗಲೂ ನಿತ್ಯದ ಪಾಲಾಗದಂತೆ, ಭೂಮಿಯ ಎಲ್ಲ ನಾಡುಗಳಿಗೂ ಕಷ್ಟಸೌಕರ್ಯಗಳನ್ನು ಸರದಿಯ ಮೇಲೆ ಹಂಚುವ ಏರ್ಪಾಡೆಂದು ಅದನ್ನು ನೋಡುವುದೂ ಸಾಧ್ಯ. ಈ ಲೆಕ್ಕದಂತೆ ಹಿಜರಿ 1293ರ ರಂಜಾನ್ ಆರಂಭವಾದದ್ದು 1876ರ ಸೆಪ್ಟೆಂಬರ್ 20ರ ಸುಮಾರಿಗೆ. ಚಂದ್ರದರ್ಶನಕ್ಕನುಸಾರವಾಗಿ ಒಂದು ದಿನ ಹಿಂದುಮುಂದಾದೀತು. ಎಂದರೆ ಹಿಂಗಾರಿಯ ಮೋಡಕ್ಕಾಗಿ ಮುಗಿಲು ನೋಡುತ್ತ ರೈತನು ನಿಂತಿದ್ದ ಆ ಮೂವತ್ತು ದಿನಗಳೇ ಉಪವಾಸದ ದಿನಗಳು. ಸಂಜೆ ಮಸೀದಿಯ ಮುಂದೆ ಪಡುವಣ ದಿಕ್ಕಿಗೆ ಮುಖಮಾಡಿ ನಿಂತವನು ನೋಡಿದ್ದು ಒಂದೇ ಆಕಾಶವನ್ನು. ಬಾಲಚಂದ್ರನನ್ನು ಕಾಣಲು ಮುಗಿಲು ಬರಿದಾಗಿರಬೇಕು. ಬದುಕಲು ಮುಗಿಲು ತುಂಬಬೇಕು. ಆ ವರ್ಷ ಮುಗಿಲು ಬರಿದಾಗಿಯೇ ಇತ್ತು.

ಮುಂದಿನದು ಆಂಗ್ಲ ಸರಕಾರದ ದಫ್ತರಗಳಲ್ಲಿಯೇ ಇದೆ. ಪರಿಹಾರದ ಕಾಮಗಾರಿಗಳನ್ನು ತೆರೆದರು; ಜನ ಕಲ್ಲು ಒಡೆಯಲು, ಕೆರೆ ತೋಡಲು ಹೋದರು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ದೊಡ್ಡ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಪ್ರಾಣಕ್ಕೆ ಸಾಲದೆಂದು ವಾದಿಸಿದನು. ಮುಂಬಯಿ ಇಲಾಖೆಯ ಕೂಲಿಗಳು ಕೆಲಸವನ್ನೇ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಹಸಿದವನ ತುತ್ತನ್ನು ತಕ್ಕಡಿಯಲ್ಲಿ ತೂಗುತ್ತ ಕುಳಿತ ಆ ಕಾಗದಗಳನ್ನು ಓದುವುದು ನಮಗೆ ಎಂದೂ ಸುಲಭವಾಗಿಲ್ಲ. ತರುವಾಯ 1880ರಲ್ಲಿ ಕ್ಷಾಮ ಆಯೋಗದ ವರದಿಯಾಯಿತು. ಗದಗ-ಹೋಟಗಿ ರೈಲುದಾರಿಯೂ ಆ ಕ್ಷಾಮದ ಪಾಠದಿಂದ ಹುಟ್ಟಿದ್ದು. ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ ನಿಲ್ಲುವ ಗಾಡಿ ಧಾನ್ಯವನ್ನು ಹೊತ್ತು ತರಲೆಂದು ಮೊದಲು ಯೋಚಿಸಿದ ಗಾಡಿ.

ಇಂಥ ಕಾಲದಲ್ಲಿ ಇಸ್ಲಾಮಿನ ಶಾಸ್ತ್ರ ಏನೆನ್ನುತ್ತದೆ? ರೋಗಿಯೂ ಪ್ರಯಾಣಿಕನೂ ಉಪವಾಸವನ್ನು ಬಿಟ್ಟು ಬೇರೆ ದಿನಗಳಲ್ಲಿ ತುಂಬಿಕೊಡಬಹುದು. ಗರ್ಭಿಣಿಗೂ ಹಾಲೂಡುವ ತಾಯಿಗೂ ಹಾಗೆಯೇ ವಿನಾಯಿತಿ. ವೃದ್ಧಾಪ್ಯದಿಂದ ಎಂದೆಂದಿಗೂ ಆಗದವನು ಬಿಟ್ಟ ದಿನವೊಂದಕ್ಕೆ ಒಬ್ಬ ಬಡವನಿಗೆ ಉಣಿಸಬೇಕು. ಇದಕ್ಕೆ ಫಿದಿಯಾ ಎಂದು ಹೆಸರು. ಬೇಕೆಂದು ವ್ರತವನ್ನು ಕೆಡಿಸಿದವನಿಗೆ ಹೇಳಿರುವ ಪ್ರಾಯಶ್ಚಿತ್ತಗಳಲ್ಲಿ ಅರವತ್ತು ದಿನದ ಎಡೆಬಿಡದ ಉಪವಾಸ ಒಂದು. ಅದಾಗದಿದ್ದರೆ ಅರವತ್ತು ಬಡವರ ಊಟ. ತಿಂಗಳು ಮುಗಿದು ಈದಿನ ನಮಾಜಿಗೆ ಹೊರಡುವ ಮೊದಲು ಮನೆಯ ಪ್ರತಿಯೊಂದು ತಲೆಗೂ, ಹಸುಗೂಸಿನ ತಲೆಗೂ ಕೂಡ, ‘ಫಿತ್ರ್’ ದಾನವಿದೆ. ಅದರ ಹಳೆಯ ಅಳತೆ ಒಂದು ‘ಸಾ’, ಎಂದರೆ ಕೈಗಳೆರಡನ್ನೂ ಜೋಡಿಸಿ ತುಂಬಿದ ನಾಲ್ಕು ಬೊಗಸೆ. ಹದೀಸಿನಲ್ಲಿ ಖರ್ಜೂರ, ಜವೆಗೋದಿಗಳ ಹೆಸರುಂಟು. ಆಯಾ ನಾಡಿನ ಮುಖ್ಯಧಾನ್ಯವನ್ನೇ ಕೊಡಬಹುದೆಂದು ಅನೇಕ ಶಾಸ್ತ್ರಕಾರರ ಮತವಾದ್ದರಿಂದ ಎರೆಯ ಸೀಮೆಗೆ ಅದು ನಾಲ್ಕು ಬೊಗಸೆ ಜೋಳ. ಈ ವಿಧಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ಶಾಸ್ತ್ರದ ಒಲವು ಎತ್ತಲೆಂಬುದು ಸ್ಪಷ್ಟವಾಗುತ್ತದೆ. ಉಪವಾಸ ಎಲ್ಲಿ ಮುರಿದರೂ, ಎಲ್ಲಿ ಮುಗಿದರೂ, ಅದು ಇನ್ನೊಬ್ಬನ ಊಟವಾಗಿ ಬದಲಾಗುತ್ತದೆ. ತಾನು ಉಣ್ಣದ ಹೊತ್ತು ಬೇರೆ ಯಾರದೋ ಎಲೆಯ ಮೇಲೆ ಬಂದು ಬೀಳಬೇಕು.

ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ನಿದರ್ಶನವೊಂದಿದೆ. ಹಿಜರಿ 18ರಲ್ಲಿ, ಕ್ರಿಸ್ತಶಕ 639ರಲ್ಲಿ, ಅರಬ್ಬೀ ದೇಶದಲ್ಲಿ ಮಳೆಯಿಲ್ಲದೆ ನೆಲ ಬೂದಿಯ ಬಣ್ಣಕ್ಕೆ ತಿರುಗಿತು; ಅರಬ್ಬರು ಅದನ್ನು ‘ಬೂದಿಯ ವರ್ಷ’ ಎಂದೇ ಕರೆದರು. ಆಗ ಎರಡನೆಯ ಖಲೀಫ ಉಮರನು ರಾಜ್ಯವಾಳುತ್ತಿದ್ದನು. ಜನರಿಗೆ ತುಪ್ಪ ಮಾಂಸಗಳು ಸಿಕ್ಕುವವರೆಗೆ ತಾನೂ ಅವನ್ನು ಮುಟ್ಟೆನೆಂದು ಅವನು ಪಣತೊಟ್ಟು, ಎಣ್ಣೆ ರೊಟ್ಟಿಗಳಲ್ಲಿ ಕಾಲ ಕಳೆದು, ಮೈ ಕಪ್ಪಿಟ್ಟನೆಂದು ಅರಬ್ಬೀ ಚರಿತ್ರಕಾರರು ಬರೆದಿದ್ದಾರೆ. ಸಿರಿಯಾದಿಂದ ಧಾನ್ಯವನ್ನು ತರಿಸಿ ಹಂಚಿಸಿದನು. ಹಸಿವಿನಿಂದ ಕದ್ದವನ ಕೈ ಕತ್ತರಿಸುವ ದಂಡನೆಯನ್ನು ಆ ವರ್ಷ ನಿಲ್ಲಿಸಿದನು. ಈ ಕೊನೆಯ ಸಂಗತಿ ನಮಗೆ ಅತ್ಯಂತ ಅಮೂಲ್ಯವಾಗಿ ಕಾಣುತ್ತದೆ. ಮನಸ್ಸು ಮಾಡಿ ಹಸಿದವನಿಗೆ ಮಾತ್ರವೇ ದಿಕ್ಕಿಲ್ಲದೆ ಹಸಿದವನ ಕೈ ಏಕೆ ಚಾಚಿತೆಂಬುದು ತಿಳಿದೀತು. ಒಂದು ಪೌಂಡ್ ಧಾನ್ಯವನ್ನು ತೂಗಿದ ಟೆಂಪಲ್ ಸಾಹೇಬನು ಕ್ರೂರಿಯೆಂದು ನಾವು ಹೇಳುವುದಿಲ್ಲ. ಅವನು ಖಜಾನೆಯ ಪ್ರಾಮಾಣಿಕ ಸೇವಕ. ಆದರೆ ಒಂದು ರಂಜಾನಿನ ಮಟ್ಟಿಗಾದರೂ ಅವನು ಹಸಿದು ನೋಡಿದ್ದರೆ ಆ ತಕ್ಕಡಿಯ ಮುಳ್ಳು ಸ್ವಲ್ಪ ಅಲುಗುತ್ತಿತ್ತೋ ಏನೋ!

ಉಮರನ ಈ ಭಾವವು ಕನ್ನಡ ನಾಡಿಗೆ ಬಂದದ್ದು ರಾಜರ ಮೂಲಕವಲ್ಲ, ಸೂಫಿಗಳ ಮೂಲಕ. ದೆಹಲಿಯ ನಿಜಾಮುದ್ದೀನ್ ಔಲಿಯಾ, 1325ರಲ್ಲಿ ತೀರಿಕೊಂಡವರು, ಸದಾ ಉಪವಾಸಿಗಳು. ಬೆಳಗಿನ ಜಾವದ ಸಹರಿಯ ಊಟವನ್ನು ಮುಂದಿಟ್ಟರೆ ಅವರಿಗೆ ತುತ್ತು ಗಂಟಲಿಳಿಯುತ್ತಿರಲಿಲ್ಲವಂತೆ. ಊರಿನ ಮಸೀದಿಗಳ ಮೂಲೆಗಳಲ್ಲಿಯೂ ಅಂಗಡಿಗಳ ಕಟ್ಟೆಯ ಮೇಲೂ ಎಷ್ಟೋ ಮಂದಿ ಹಸಿದು ಮಲಗಿರುವಾಗ ತಾವು ಉಣ್ಣುವುದು ಹೇಗೆಂದು ಕಣ್ಣೀರು ತರುತ್ತಿದ್ದರೆಂದು ಅವರ ಸಂಪ್ರದಾಯದವರು ಬರೆದಿಟ್ಟಿದ್ದಾರೆ. ಅವರ ಶಿಷ್ಯರು ಚಿರಾಗ್-ಎ-ದೆಹಲಿಯೆನಿಸಿದ ನಸೀರುದ್ದೀನರು. ಅವರ ಶಿಷ್ಯರೇ ನಮ್ಮ ಕಲಬುರ್ಗಿಯ ಖ್ವಾಜಾ ಬಂದೇನವಾಜ್ ಗೇಸುದರಾಜರು. ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ಮುಪ್ಪಿನ ವಯಸ್ಸಿನಲ್ಲಿ ದೆಹಲಿಯನ್ನು ಬಿಟ್ಟ ಇವರು ಬಹಮನಿ ಸುಲ್ತಾನ ಫಿರೋಜಶಹನ ಕಾಲದಲ್ಲಿ ಕಲಬುರ್ಗಿಗೆ ಬಂದು, 1422ರಲ್ಲಿ ಅಲ್ಲಿಯೇ ದೇಹವಿಟ್ಟರು. ದೆಹಲಿಯಲ್ಲಿ ಗಂಟಲಿಳಿಯದ ಆ ತುತ್ತಿನ ನೆನಪು ಹೀಗೆ ಮೂರನೆಯ ತಲೆಮಾರಿನಲ್ಲಿ ಜೋಳದ ನಾಡನ್ನು ಮುಟ್ಟಿತು.

ನಮ್ಮ ‘ಉಪವಾಸ’ ಶಬ್ದವೂ ಇದೇ ದಾರಿಯಲ್ಲಿ ಬಂದದ್ದೆಂಬುದನ್ನು ಬಹುಮಂದಿ ಮರೆತಿದ್ದಾರೆ. ಯಜ್ಞದ ಹಿಂದಿನ ದಿನ ದೇವತೆಗಳು ಯಜಮಾನನ ಮನೆಗೆ ಬಂದು ಅವನ ಬಳಿಯಲ್ಲಿ ವಾಸಿಸುತ್ತಾರೆ. ಮನೆಗೆ ಬಂದ ಅತಿಥಿಗಳು ಉಣ್ಣುವ ಮೊದಲು ಮನೆಯವನು ಉಣ್ಣುವುದು ಸಲ್ಲದು. ಆದುದರಿಂದ ಅದು ಉಪವಾಸವಾಯಿತೆಂದು ಶತಪಥ ಬ್ರಾಹ್ಮಣದಲ್ಲಿ ವಿವರಿಸಿದೆ. ಅತಿಥಿಗಿಂತ ಮೊದಲು ಉಣಬಾರದೆಂಬ ಸಂಕೋಚವೇ ವ್ರತದ ಬೇರು! ಬಸವಾದಿ ಶರಣರಂತೂ ಬರಿಯ ವ್ರತನಿಯಮಗಳಿಗೆ ಬೆಲೆ ಕಟ್ಟದೆ ಕಾಯಕ ದಾಸೋಹಗಳನ್ನು ಮುಂದಿಟ್ಟರು. ದಾಸೋಹವನ್ನು ಬಲ್ಲ ರೋಣದ ಒಕ್ಕಲಿಗನಿಗೆ ಫಿದಿಯಾದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ತಾಲ್ಲೂಕಿನ ಅಸೂಟಿಯಲ್ಲಿ ಮುಸಲ್ಮಾನ ಮನೆತನದ ತಂದೆಯೊಬ್ಬನು ಶರಣರ ಮಠಕ್ಕೆ ಭೂಮಿ ಕೊಟ್ಟು, 2020ರಲ್ಲಿ ಅವನ ಮಗನೇ ಆ ಮಠದ ಸ್ವಾಮಿಯಾದದ್ದನ್ನು ಪತ್ರಿಕೆಗಳು ಸೋಜಿಗವೆಂಬಂತೆ ಬರೆದುವು. ಆ ನಾಡಿನವರಿಗೆ ಅದು ಅಷ್ಟೊಂದು ಸೋಜಿಗವಾಗಿ ತೋರಿರಲಾರದು.

ಆದರೆ ಹಳ್ಳಿಯ ಹಿಂದೂ ಜನರಿಗೆ ಇಸ್ಲಾಮಿನ ಉಪವಾಸ ಪರಿಚಯವಾದದ್ದು ರಂಜಾನಿಗಿಂತ ಹೆಚ್ಚಾಗಿ ಮೊಹರಮ್ಮಿನಲ್ಲಿ. ಉತ್ತರ ಕರ್ನಾಟಕದ ಊರೂರಿನಲ್ಲಿ ಅಲಾಯಿ ಕುಣಿ ತೋಡಿ ಪಂಜಾಗಳನ್ನು ಕೂರಿಸುತ್ತಾರೆ. ಹರಕೆ ಹೊತ್ತವರು ಫಕೀರರಾಗಿ, ಕೊರಳಿಗೆ ದಾರ ಕಟ್ಟಿಕೊಂಡು, ನೇಮದಿಂದಿದ್ದು ಭಿಕ್ಷೆಯೆತ್ತುತ್ತಾರೆ. ರಿವಾಯತ ಪದಗಳನ್ನು ಹಾಡುತ್ತಾರೆ. ಕಗ್ಗೊಲೆಯ ರಾತ್ರಿಯೆಂಬರ್ಥದ ‘ಕತಲ್ ರಾತ್ರಿ’ ಕನ್ನಡಿಗರ ಬಾಯಲ್ಲಿ ‘ಕತ್ತಲ ರಾತ್ರಿ’ಯಾಗಿದೆ, ವ್ಯಾಕರಣಕ್ಕೆ ತಪ್ಪಾದರೂ ಭಾವಕ್ಕೆ ಸರಿಯಾದ ಅನುವಾದವದು. ಇಲ್ಲಿ ಚರಿತ್ರೆಯ ಒಂದು ಗಂಟನ್ನು ಬಿಡಿಸಬೇಕು. ಮೊಹರಂ 10ನೆಯ ದಿನದ ಉಪವಾಸ ಕರ್ಬಲೆಯ ದುರಂತಕ್ಕಿಂತ ಹಳೆಯದು. ಪೈಗಂಬರರು ರಂಜಾನ್ ಕಡ್ಡಾಯವಾಗುವುದಕ್ಕೆ ಮೊದಲೇ ಆ ದಿನ ಉಪವಾಸವಿದ್ದರು. ಬಳಿಕ ಅದು ಐಚ್ಛಿಕವಾಯಿತು. ಅವರ ಮೊಮ್ಮಗ ಹುಸೇನರು ಕರ್ಬಲೆಯಲ್ಲಿ ನೀರಿಲ್ಲದೆ ಬಳಲಿ ಮಡಿದದ್ದು ಕ್ರಿಸ್ತಶಕ 680ರಲ್ಲಿ, ಅದೇ ತಿಥಿಯಂದು. ಎರಡು ಬೇರೆ ಬೇರೆ ನೆನಪುಗಳು ಒಂದೇ ದಿನದ ಮೇಲೆ ಬಂದು ಕುಳಿತವು. ಒಂದು ತಾನಾಗಿ ಬಿಟ್ಟ ನೀರು, ಇನ್ನೊಂದು ಶತ್ರುಗಳು ತಡೆದ ನೀರು. ಯೂಫ್ರೆಟಿಸ್ ನದಿ ಕಣ್ಣೆದುರಿಗೆ ಹರಿಯುತ್ತಿದ್ದರೂ ಮಕ್ಕಳು ಬಾಯಾರಿದ ಆ ಕಥೆಯನ್ನು ನೀರಿಗೆ ಬವಣೆಪಡುವ ಎರೆಯ ಹಳ್ಳಿಗಳು ತಮ್ಮದನ್ನಾಗಿ ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮಳೆಯನ್ನು ಬೇಡುವಾಗಲೂ ಈ ವ್ರತ ಒದಗುತ್ತದೆ. ಮಳೆಗಾಗಿ ಈದ್ಗಾ ಬಯಲಿನಲ್ಲಿ ಮಾಡುವ ಸಾಮೂಹಿಕ ಪ್ರಾರ್ಥನೆಗೆ ಮುಂಚೆ ಮೂರು ದಿನ ಉಪವಾಸವಿರುವುದೂ, ದಾನ ಕೊಡುವುದೂ, ಒಬ್ಬರಿಗೊಬ್ಬರು ಮಾಡಿದ ಅನ್ಯಾಯವನ್ನು ಸರಿಪಡಿಸಿಕೊಳ್ಳುವುದೂ ಲೇಸೆಂದು ಶಾಸ್ತ್ರಕಾರರು ಹೇಳಿದ್ದಾರೆ. ಹೊದೆದ ವಸ್ತ್ರವನ್ನು ತಿರುವುಮುರುವಾಗಿ ಹೊದೆಯುವುದೂ ಒಂದು ಪದ್ಧತಿ. ಕಾಲ ಹೀಗೆಯೇ ತಿರುಗಲೆಂಬ ಬೇಡಿಕೆ. ಅತ್ತ ಹೆಂಚಿನ ಮೇಲೆ ಗುರ್ಚಿಯನ್ನಿಟ್ಟುಕೊಂಡು ಮನೆಮನೆಯ ಮುಂದೆ ನೀರು ಸುರಿಸಿಕೊಳ್ಳುವ ಹುಡುಗರು, ಇತ್ತ ವಸ್ತ್ರವನ್ನು ತಿರುಗಿಸಿ ಹೊದೆದ ಹಿರಿಯರು. ಮುಗಿಲಿಗೆ ಇಬ್ಬರ ಭಾಷೆಯೂ ತಿಳಿಯುವುದೆಂದೇ ಆ ನಾಡಿನ ನಂಬಿಕೆ.

1877ರಲ್ಲಿ ಮಳೆ ಬಂತು. ಆ ವರ್ಷದ ರಂಜಾನ್ ಆರಂಭವಾದದ್ದು ಸೆಪ್ಟೆಂಬರ್ 9ರ ಸುಮಾರಿಗೆ. ಆ ತಿಂಗಳಿನಲ್ಲಿಯೇ ದಖನ್ನಿನ ಮೇಲೆ ಮೋಡಗಳು ಮರಳಿದುವು. ಈದ್ ಬಂದದ್ದು ಅಕ್ಟೋಬರ್ 9ರ ಆಸುಪಾಸಿನಲ್ಲಿ, ಎಂದರೆ ಬಿಳಿಜೋಳದ ಬಿತ್ತನೆಯ ಹದಕ್ಕೆ. ಫಿತ್ರ್ ದಾನದ ನಿಯಮ ಆ ದಿನಕ್ಕೂ ಇತ್ತಷ್ಟೆ: ನಿತ್ಯದ ಅಗತ್ಯಗಳನ್ನು ಕಳೆದು ಮಿಕ್ಕಿದ್ದವನು ಕೊಡಬೇಕು, ಮಿಕ್ಕಿಲ್ಲದವನು ತೆಗೆದುಕೊಳ್ಳಬೇಕು. ಎರಡು ವರ್ಷದ ಹಿಂದೆ ಕೊಡುವವರ ಸಾಲಿನಲ್ಲಿದ್ದ ಎಷ್ಟೋ ಮನೆಗಳು ಆ ಬೆಳಗ್ಗೆ ತೆಗೆದುಕೊಳ್ಳುವವರ ಸಾಲಿಗೆ ಬಂದಿರಲೇಬೇಕು. ಶಾಸ್ತ್ರಕ್ಕೆ ಅದರಲ್ಲಿ ಅವಮಾನವೇನೂ ಕಾಣದು. ಅಳತೆ ಎರಡು ಕಡೆಗೂ ಅದೇ, ತಲೆಗೆ ನಾಲ್ಕು ಬೊಗಸೆ. ಆಗ ತಾನೆ ತೊಯ್ದ ಎರೆಯಲ್ಲಿ ಕೂರಿಗೆಗಳು ಹೊರಟಿದ್ದುವು.